ಪಾಳಿ ಕೆಲಸದವರು ದಿನದ ನಿಯಮ ಹಿಡಿಯುವುದು ಹೇಗೆ?

ಪ್ರಶ್ನೆ: "ಸರ್, ನಮ್ದು ಲಿಂಗಸುಗೂರು ತಾಲ್ಲೂಕು. ಪಾಳಿ ಕೆಲಸ. ನಸುಕಿನ್ಯಾಗ ನಾಲ್ಕಕ್ಕ ಎದ್ದು ಪೂಜಿ, ಧ್ಯಾನ, ಜಪ, ಓದು ಎಲ್ಲಾ ಮಾಡಬೇಕಂತ ಶುರು ಮಾಡ್ತೀನ್ರಿ. ಒಂದು ವಾರ ನಡೀತದ. ರಾತ್ರಿ ಪಾಳಿ ಬಂತಂದ್ರ ಎಲ್ಲಾ ನಿಂತು ಹೋಗ್ತದ. ಆಮ್ಯಾಲ ಮತ್ತ ಶುರು ಮಾಡಾಕ ಮನಸ್ಸು ಬರಲ್ಲ. ನಮ್ಮಂಥವ್ರಿಗೆ ದಿನದ ನಿಯಮ ಅನ್ನೋದು ಆಗೋ ಮಾತೇನ್ರಿ?"

ಉತ್ತರ: ಆಗೋ ಮಾತೇ. ಹಟ್ಟಿಯ ಚಿನ್ನದ ಗಣಿಯಿಂದ ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದ ತನಕ ರಾಯಚೂರು ಜಿಲ್ಲೆಯಲ್ಲಿ ರಾತ್ರಿ ದುಡಿದು ಹಗಲು ಮಲಗುವವರು ಬಹಳ ಮಂದಿ. ಆಸ್ಪತ್ರೆಯ ನರ್ಸ್‌ಗಳು, ಬಸ್ಸಿನ ಕಂಡಕ್ಟರುಗಳೂ ಇದನ್ನೇ ಕೇಳುತ್ತಾರೆ. ನಿಮ್ಮಲ್ಲಿ ಭಕ್ತಿ ಕಡಿಮೆ ಇದೆ ಎಂದು ನನಗೆ ಅನ್ನಿಸುವುದಿಲ್ಲ. ಹೊತ್ತುಕೊಂಡ ನಿಯಮದ ಅಳತೆ ತಪ್ಪಿದೆ, ಅಷ್ಟೇ.

ಅಳತೆಯ ವಿಷಯದಲ್ಲಿ ನಿಮ್ಮ ತಾಲ್ಲೂಕಿನವರನ್ನೇ ಕೇಳೋಣ. ಗುರುಗುಂಟದ ಅಮರೇಶ್ವರಕ್ಕೆ ನೀವು ಹೋಗಿಯೇ ಇರುತ್ತೀರಿ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಲ್ಲೇ ಅಡುಗೆ ಮಾಡಿ ಜಂಗಮರಿಗೆ ಉಣಬಡಿಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಶರಣರ ಜೊತೆ ಅನುಭಾವದ ಮಾತಿನಲ್ಲಿ ಮುಳುಗಿ ಹೊತ್ತು ಹೋದದ್ದೇ ತಿಳಿಯದೆ ಕೂತುಬಿಟ್ಟ. "ಕಾಯಕ ನಿಂದಿತ್ತು ಹೋಗಯ್ಯಾ" ಎಂದು ಲಕ್ಕಮ್ಮ ಎಬ್ಬಿಸಿ ಕಳಿಸಿದಳು. ಅವನು ಹೋದವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಆಗ ಅದೇ ಲಕ್ಕಮ್ಮ, "ಈಸಕ್ಕಿಯಾಸೆ ನಿಮಗೇಕೆ?" ಎಂದು ಕೇಳಿ, ಹೆಚ್ಚಿನದನ್ನು ತಂದಲ್ಲೇ ಸುರಿದು ಬರಲು ಹೇಳಿದಳು.

ನಿಲ್ಲಿಸಬಾರದು ಎಂಬ ಮೊದಲ ಪಾಠವನ್ನು ಪ್ರವಚನಗಳಲ್ಲಿ ಬೇಕಾದಷ್ಟು ಕೇಳುತ್ತೇವೆ. ಅವತ್ತಿಗೆ ಬೇಕಾದ್ದಕ್ಕಿಂತ ಹೆಚ್ಚು ತರಬಾರದು ಎಂಬ ಎರಡನೆಯದು ಯಾರ ಬಾಯಲ್ಲೂ ಬರುವುದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ಕಷ್ಟದ್ದು. ಪೂಜೆ, ಧ್ಯಾನ, ಜಪ, ಓದು ಎಲ್ಲವನ್ನೂ ಒಂದೇ ಸಲ ತಲೆಯ ಮೇಲೆ ಹೊರುವುದೂ ಒಂದು ಬಗೆಯ ಆಸೆಯೇ. ನಸುಕಿನಲ್ಲಿ ಎದ್ದ ಫೋಟೊ ಸ್ಟೇಟಸ್ಸಿಗೆ ಹಾಕುವವರನ್ನು ನೋಡಿ ಹುಟ್ಟಿದ ಆಸೆಯಾದರಂತೂ ಇನ್ನೂ ಬೇಗ ಇಳಿಯುತ್ತದೆ.

ಹಾಗಾಗಿ ಒಂದನ್ನೇ ಹಿಡಿಯಿರಿ. ಹತ್ತು ನಿಮಿಷ ಸಾಕು. ಅತಿ ದಣಿದ ದಿನವೂ, ಮನೆಗೆ ನೆಂಟರು ಬಂದ ದಿನವೂ ಮಾಡಲಿಕ್ಕಾಗುವಷ್ಟು ಇರಲಿ. ಉತ್ಸಾಹ ಬಂದ ದಿನ ಒಂದು ತಾಸು ಕೂರಬೇಕೆನಿಸಿದರೂ ಮೊದಮೊದಲು ಹತ್ತು ನಿಮಿಷಕ್ಕೇ ಏಳಿ.

ಎರಡನೆಯ ಮಾತು ಹೊತ್ತಿನದು. ಗಡಿಯಾರಕ್ಕೆ ಕಟ್ಟಿದ ನಿಯಮ ಪಾಳಿ ಬದಲಾದ ಕೂಡಲೇ ಮುರಿಯುತ್ತದೆ. ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಅದನ್ನು ಕಟ್ಟಿ. ಇಷ್ಟಲಿಂಗ ಪೂಜೆಯ ರೂಢಿಯನ್ನೇ ನೋಡಿ: ಮಿಂದ ಮೇಲೆ, ಉಣ್ಣುವ ಮೊದಲು. ಲಿಂಗ ಮೈಮೇಲೇ ಇರುವುದರಿಂದ ಗುಡಿಯ ಬಾಗಿಲು ತೆರೆಯಲಿ ಎಂದು ಕಾಯಬೇಕಿಲ್ಲ. ಮೊದಲ ಪಾಳಿಯಲ್ಲಿ ಆ ಹೊತ್ತು ಬೆಳಗಿನ ಜಾವಕ್ಕೆ ಬೀಳಬಹುದು, ರಾತ್ರಿ ಪಾಳಿಯ ವಾರದಲ್ಲಿ ಸಂಜೆಗೆ ಬೀಳಬಹುದು. ಎರಡೂ ಒಂದೇ. ನೀವು ಬೇರೆ ಪದ್ಧತಿಯವರಾದರೂ ಈ ಕ್ರಮ ನಡೆಯುತ್ತದೆ.

ಬ್ರಾಹ್ಮೀ ಮುಹೂರ್ತದ ಗತಿ ಏನು ಎನ್ನುತ್ತೀರಿ. ಸೂರ್ಯೋದಯಕ್ಕೆ 96 ನಿಮಿಷ ಇರುವಾಗ ಶುರುವಾಗಿ 48 ನಿಮಿಷ ನಡೆಯುವ ಹೊತ್ತು ಅದು. ರಾತ್ರಿ ಮಲಗಿ ಎದ್ದವರಿಗೆ ಬಹಳ ಒಳ್ಳೆಯದು. ರಾತ್ರಿಯಿಡೀ ದುಡಿದವರು ಆ ಹೊತ್ತಿಗೆ ಕಣ್ಣು ಮುಚ್ಚಿ ಕೂತರೆ ಬರುವುದು ತೂಕಡಿಕೆ. ಅತಿಯಾಗಿ ನಿದ್ದೆ ಮಾಡುವವನಿಗೂ ಯೋಗವಿಲ್ಲ, ಅತಿಯಾಗಿ ಎಚ್ಚರ ಇರುವವನಿಗೂ ಇಲ್ಲ ಎಂದು ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ. ಪಾಳಿ ಮುಗಿಸಿ ಬಂದ ಮೇಲೆ ಕಿಟಕಿಗೆ ದಪ್ಪ ಪರದೆ ಎಳೆದು ಏಳು ತಾಸು ಮಲಗುವುದನ್ನೂ ನಿಯಮದ ಲೆಕ್ಕಕ್ಕೇ ಹಾಕಿಕೊಳ್ಳಿ. ಮೊಬೈಲ್ ಆಚೆ ಕೋಣೆಯಲ್ಲಿರಲಿ. ನಿದ್ದೆಗೆಟ್ಟ ಮೈಯಲ್ಲಿ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯವರ ಮೇಲೆ ಹರಿಹಾಯ್ದು ಆಮೇಲೆ ಜಪಮಣಿ ಹಿಡಿದು ಬರುವ ಲಾಭ ಏನು ಎಂದು ನಿಮ್ಮ ಮನೆಯವರನ್ನೇ ಕೇಳಿ ನೋಡಿ.

ಇನ್ನು ತಪ್ಪಿದ ದಿನ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು "ಮತ್ತ ಶುರು ಮಾಡಾಕ ಮನಸ್ಸು ಬರಲ್ಲ" ಎಂಬ ಸಾಲು. ಒಂದು ದಿನ ತಪ್ಪಿತೆಂದರೆ ವ್ರತಭಂಗ ಆಯಿತು ಎಂದುಕೊಂಡು ಇಡೀ ನಿಯಮವನ್ನೇ ಬಿಡುತ್ತೇವೆ. ಹಿರಿಯರು ಇಷ್ಟು ಕಟುವಾಗಿರಲಿಲ್ಲ. ಸಂಧ್ಯಾವಂದನೆಗೆ ಹೊತ್ತು ಮೀರಿದರೆ ಒಂದು ಪ್ರಾಯಶ್ಚಿತ್ತಾರ್ಘ್ಯ (ತಪ್ಪಿಗಾಗಿ ಬಿಡುವ ಬೊಗಸೆ ನೀರು) ಹೆಚ್ಚಿಗೆ ಕೊಟ್ಟು ಮುಂದುವರಿಯುತ್ತಾರೆ. ತಪ್ಪಿದ ನಮಾಜನ್ನು ಕಜಾ ಎಂದು ಆಮೇಲೆ ಸಲ್ಲಿಸುತ್ತಾರೆ. ಮನುಷ್ಯ ತಪ್ಪುತ್ತಾನೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಟ್ಟಿದ ಪದ್ಧತಿಗಳಿವು.

ಇತ್ತೀಚಿನ ಸಂಶೋಧನೆಯೂ ಬೇರೆ ಹೇಳುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರಿಗೆ, ತಿಂಡಿಯ ನಂತರ, ಊಟದ ಜೊತೆ ಎನ್ನುವ ಹಾಗೆ, ದಿನದ ಒಂದು ಗೊತ್ತಾದ ಸಂದರ್ಭಕ್ಕೆ ಹೊಸ ರೂಢಿಯೊಂದನ್ನು ಕಟ್ಟಿಸಿ ನೋಡಿದರು. ರೂಢಿ ಕೂರಲು ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ ಅಂದಾಜು 254 ದಿನ ಬೇಕಿತ್ತು. ನಡುವಿನ ಅಂಕಿ 66. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. 21 ದಿನದಲ್ಲಿ ಬದುಕು ಬದಲು ಎಂದು ಶಿಬಿರ ನಡೆಸುವವರ ಮಾತು ನಂಬಿ 22ನೇ ದಿನ ಬೇಸರಪಟ್ಟುಕೊಳ್ಳಬೇಡಿ.

ಹಿಂದೆ ಬಿದ್ದೆ ಎನ್ನುವ ಸಂಕೋಚ ಕಾಡಿದರೆ ರಜೆಯ ದಿನ ಮಸ್ಕಿಗೆ ಹೋಗಿ ಬನ್ನಿ. 1915ರಲ್ಲಿ ಅಲ್ಲಿ ಅಶೋಕನ ಶಾಸನ ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಆ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಒಳಗಿನ ಮಾತನ್ನು ಮಾತ್ರ ಯಾರೂ ಓದಿಸಲಿಲ್ಲ. ಇದೇ ಶಾಸನದ ಪ್ರತಿ ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಇದೆ. ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಮೊದಲು ಅಷ್ಟೇನೂ ಪ್ರಯತ್ನ ಹಾಕಲಿಲ್ಲ, ಭಿಕ್ಷುಗಳ ಸಂಘಕ್ಕೆ ಹತ್ತಿರವಾದ ಈ ಒಂದು ವರ್ಷಕ್ಕೂ ಮಿಕ್ಕ ಕಾಲದಲ್ಲಿ ಚೆನ್ನಾಗಿ ಪ್ರಯತ್ನಿಸಿದ್ದೇನೆ ಎಂದು ಚಕ್ರವರ್ತಿಯೇ ಈ ಶಾಸನದಲ್ಲಿ ಹೇಳಿಕೊಳ್ಳುತ್ತಾನೆ. ಈ ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಸಿಗುತ್ತದೆ ಎಂದೂ ಇದೆ. ತಾನು ಸಡಿಲ ಬಿದ್ದ ಕಾಲವನ್ನು ಕಲ್ಲಿನಲ್ಲಿ ಕೊರೆಸಿದ ಅರಸರು ಎಷ್ಟು ಜನ ಸಿಕ್ಕಾರು!

ದಿನಕ್ಕೊಂದು ಉದ್ದೇಶ ಬೇಕೆಂದರೆ ಆ ಹತ್ತು ನಿಮಿಷದ ಕೊನೆಗೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವತ್ತಿನ ನನ್ನ ದುಡಿಮೆಯಿಂದ ಯಾರಿಗೆ ಏನು ಆಗಬೇಕು? ಮಾರಯ್ಯನ ಅಕ್ಕಿಯೂ ಅವನೊಬ್ಬನ ಹೊಟ್ಟೆಗೆ ಇರಲಿಲ್ಲ. ಹೊಸದಾಗಿ ಸೇರಿದ ಹುಡುಗನಿಗೆ ಬೈಯದೆ ಕೆಲಸ ಕಲಿಸುವುದು ಇರಬಹುದು, ಬಾಯಿಗೆ ಗುಟ್ಕಾ ಹಾಕದೆ ಪಾಳಿ ಮುಗಿಸುವುದು ಇರಬಹುದು. ಮಲಗುವ ಮುಂಚೆ ಆಯಿತೋ ಇಲ್ಲವೋ ಎಂದು ನೋಡಿಕೊಂಡರೆ ಮುಗಿಯಿತು, ಡೈರಿ ಗೀರಿ ಏನೂ ಬೇಡ.

ಅಶೋಕನಿಗೆ ಸಂಘವಿತ್ತು, ಮಾರಯ್ಯನಿಗೆ ಲಕ್ಕಮ್ಮ ಇದ್ದಳು. ನೀವೂ ಮನೆಯಲ್ಲೋ ಪಾಳಿಯಲ್ಲೋ ಒಬ್ಬರಿಗೆ ಹೇಳಿಡಿ, "ಇವತ್ತು ಕುಂತಿದ್ರೇನ್ರಿ?" ಎಂದು ಕೇಳುವ ಸಲಿಗೆ ಇರುವವರಿಗೆ. ಮುಂದಿನ ರಾತ್ರಿ ಪಾಳಿಯ ವಾರದಿಂದಲೇ ಶುರು ಮಾಡಿ. ಮೊದಲ ಪಾಳಿ ಬರಲಿ ಎಂದು ಕಾಯಬೇಡಿ.