ಜಾಬರ್: ಸೋಲನ್ನೇ ಕಸುಬು ಮಾಡಿಕೊಂಡ ಕುಸ್ತಿಪಟು

ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಗಂಟೆ ಹೊಡೆಯುವ ಮೊದಲೇ ತೀರ್ಮಾನವಾಗಿರುತ್ತದೆ. ಅದನ್ನು ತೀರ್ಮಾನಿಸುವವನು ಬುಕರ್. ಅವನು ಹೇಳಿದಂತೆ ಸೋಲುವುದಕ್ಕೆ ಆ ರಂಗದಲ್ಲಿ ‘ಜಾಬ್ ಮಾಡುವುದು’ ಎನ್ನುತ್ತಾರೆ. ದೊಡ್ಡ ತಾರೆಗಳೂ ಆಗಾಗ ಜಾಬ್ ಮಾಡುತ್ತಾರೆ. ವಾರವಾರವೂ ಅದನ್ನೇ ಮಾಡಿ ಹೊಟ್ಟೆ ಹೊರೆಯುವವನು ಮಾತ್ರ ಜಾಬರ್. ಕೈಲಾಗದವನು ಎಂಬ ಅರ್ಥದಲ್ಲಿ ಅಭಿಮಾನಿಗಳು ಈ ಪದವನ್ನು ಬಳಸುವುದುಂಟು. ಅದು ತಪ್ಪು, ಅನ್ಯಾಯವೂ ಹೌದು. ಏಕೆಂದರೆ ಪಂದ್ಯದ ಕಷ್ಟದ ಕೆಲಸ ಬಹುಪಾಲು ಬೀಳುವವನದೇ.

ಬಾಡಿ ಸ್ಲ್ಯಾಮನ್ನೇ ನೋಡಿ. ತಾರೆ ಒಂದು ಕೈಯನ್ನು ಎದುರಾಳಿಯ ಕಾಲುಗಳ ನಡುವೆ, ಇನ್ನೊಂದನ್ನು ಭುಜದ ಮೇಲೆ ಹಾಕುತ್ತಾನೆ. ಅದೇ ಕ್ಷಣಕ್ಕೆ ಜಾಬರ್ ಅವನ ತೊಡೆಗೆ ಕೈ ಒತ್ತಿ ತಾನಾಗಿಯೇ ನೆಗೆಯುತ್ತಾನೆ; ಅರ್ಧ ಭಾರ ಎತ್ತುವುದು ಆ ನೆಗೆತವೇ. ನೆಗೆಯದೆ ಮೈ ಸಡಿಲ ಬಿಟ್ಟರೆ ಅದಕ್ಕೆ ‘ಸ್ಯಾಂಡ್‌ಬ್ಯಾಗಿಂಗ್’ ಎಂದು ಹೆಸರು. ಎತ್ತುವವನ ಸೊಂಟ ಹಿಡಿದುಕೊಳ್ಳುವುದು, ಇಬ್ಬರೂ ತಲೆಕೆಳಗಾಗಿ ಬೀಳುವುದು ಹೀಗೇ. ಇನ್ನು ಬೀಳುವ ವಿದ್ಯೆ, ಅಂದರೆ ‘ಬಂಪ್’. ಗರಡಿಯಲ್ಲಿ ಬೆನ್ನು ಮಣ್ಣಿಗೆ ತಾಗದಂತೆ ಕಾಯುವುದನ್ನು ಕಲಿಸುತ್ತಾರೆ. ಇಲ್ಲಿ ಮೊದಲ ಪಾಠವೇ ಬೆನ್ನನ್ನು ಪೂರ್ತಿ ಕೊಡುವುದು. ಗಲ್ಲ ಎದೆಗೆ ಒತ್ತಿರಬೇಕು, ಬೆನ್ನಿನ ಮೇಲ್ಭಾಗ ಚಪ್ಪಟೆಯಾಗಿ ತಾಗಬೇಕು, ಅಂಗೈಗಳು ಅದೇ ಹೊತ್ತಿಗೆ ನೆಲಕ್ಕೆ ಬಡಿಯಬೇಕು, ಉಸಿರು ಹೊರಗೆ ಹೋಗಬೇಕು. ಗಲ್ಲ ಬಿಟ್ಟರೆ ತಲೆಯ ಹಿಂಭಾಗ ಅಪ್ಪಳಿಸುತ್ತದೆ. ಹೆದರಿ ಕೈ ಹಿಂದಕ್ಕೆ ಊರಿದರೆ ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ. ಕ್ಯಾನ್ವಾಸಿನ ಅಡಿಯಲ್ಲಿರುವುದು ತೆಳು ಫೋಮು, ಅದರಡಿ ಮರದ ಹಲಗೆ, ಉಕ್ಕಿನ ತೊಲೆ. ನೋವಾಗುವುದಿಲ್ಲ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಒಂದು ಕಡೆ ಜೀವ ಉಳಿಸುವ ಪಾಠ ಇನ್ನೊಂದು ಕಡೆ ಮುಳುವಾಗಬಹುದು. 1990ರ ಡಿಸೆಂಬರಿನಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಡಬ್ಲ್ಯೂಡಬ್ಲ್ಯೂಎಫ್ (ಇಂದಿನ ಡಬ್ಲ್ಯೂಡಬ್ಲ್ಯೂಇ) ಎಂಬ ಕುಸ್ತಿ ಕಂಪನಿಯ ಟಿವಿ ಚಿತ್ರೀಕರಣಕ್ಕೆ ಕರೆಸಿದ್ದ ಚಾರ್ಲ್ಸ್ ಆಸ್ಟಿನ್ ಎಂಬಾತ ‘ದಿ ರಾಕರ್ಸ್’ ಜೋಡಿಯ ಎದುರು ಇಳಿದ. ಆ ಜೋಡಿಯ ಮಾರ್ಟಿ ಜನೆಟ್ಟಿಯ ಪಟ್ಟು, ಬಾಗಿದವನ ಕತ್ತಿನ ಹಿಂದೆ ಕಾಲು ಹಾಕಿ ಮುಖ ಕೆಳಗಾಗಿ ಬೀಳಿಸುವಂಥದ್ದು. ಅದಕ್ಕೆ ತಲೆ ಎತ್ತಿಕೊಂಡು ಬೋರಲು ಬೀಳಬೇಕು. ಆಸ್ಟಿನ್ ತಲೆ ಒಳಗೆಳೆದುಕೊಂಡು ಲಾಗ ಹಾಕಿದ. ನೆತ್ತಿಯ ಮೇಲೆ ಬಿದ್ದು ಕತ್ತು ಮುರಿಯಿತು, ದೇಹ ಸ್ವಾಧೀನ ತಪ್ಪಿತು. 1994ರಲ್ಲಿ ಜ್ಯೂರಿ 2 ಕೋಟಿ 67 ಲಕ್ಷ ಡಾಲರ್ ಪರಿಹಾರ ಹೇಳಿತು. ಪಟ್ಟಿನ ಹೆಸರು ತಿಳಿದಿದ್ದರೆ ಸಾಲದು, ಅದಕ್ಕೆ ಯಾವ ಬದಿಗೆ ಬೀಳಬೇಕೆಂದು ಮೊದಲೇ ಕೂತು ಮಾತಾಡಿಕೊಂಡಿರಬೇಕು.

ಜಾಬರುಗಳಿಗೆ ಕೈತುಂಬ ಕೆಲಸ ಕೊಟ್ಟದ್ದು ಟಿವಿ. ಎಂಬತ್ತರ ದಶಕದ ವಾರಾಂತ್ಯದ ಕಾರ್ಯಕ್ರಮಗಳಲ್ಲಿ ತಾರೆಗೂ ತಾರೆಗೂ ಪಂದ್ಯವಿಟ್ಟರೆ ಟಿಕೆಟ್ ಕೊಂಡು ನೋಡಲು ಏನೂ ಉಳಿಯುತ್ತಿರಲಿಲ್ಲ. ಆದ್ದರಿಂದ ಟಿವಿಯಲ್ಲಿ ‘ಸ್ಕ್ವಾಷ್’: ಜಾಬರ್ ಸಂಗೀತವಿಲ್ಲದೆ ಮೊದಲೇ ರಿಂಗಿನಲ್ಲಿ ನಿಂತಿರುತ್ತಾನೆ, ಎರಡು ಮೂರು ನಿಮಿಷ ಹೊಡೆತ ತಿನ್ನುತ್ತಾನೆ, ತಾರೆಯ ಕೊನೆಯ ಪಟ್ಟಿಗೆ ಬೀಳುತ್ತಾನೆ. ಹಲವು ವಾರಗಳ ಕಂತುಗಳನ್ನು ಒಂದೇ ರಾತ್ರಿ ಚಿತ್ರೀಕರಿಸುತ್ತಿದ್ದುದರಿಂದ ಒಬ್ಬನೇ ಹಲವು ಸಲ ಇಳಿಯುವುದೂ ಇತ್ತು. ಸರಿಯಾದ ಜಾಗದಲ್ಲಿ, ಸರಿಯಾದ ವೇಗದಲ್ಲಿ, ಕ್ಯಾಮೆರಾ ಕಡೆ ತಿರುಗಿ ಎದ್ದು ನಿಲ್ಲುವುದು ಇಲ್ಲಿ ಬಹಳ ಮುಖ್ಯ. ತಡವಾದರೆ ತಾರೆ ಕಾಯುತ್ತ ನಿಲ್ಲಬೇಕಾಗುತ್ತದೆ, ನಂಬಿಕೆ ಅಲ್ಲಿಗೇ ಕಳಚುತ್ತದೆ. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ನೋಡಿ, ಟ್ರಂಪ್ ಕಾರ್ಡ್ ಆಡಿ ಬೆಳೆದ ನಮ್ಮವರಿಗೆ ತಾರೆಗಳ ಹೆಸರು ಬಾಯಿಪಾಠ. ಅವರ ಕೈಯಲ್ಲಿ ಬಿದ್ದವರ ಹೆಸರು ಅಷ್ಟಾಗಿ ಗೊತ್ತಿಲ್ಲ.

ಗೊತ್ತಿರಬೇಕಾದ ಹೆಸರು ಬ್ಯಾರಿ ಹೊರೊವಿಟ್ಜ್. ಬೋರಿಸ್ ಮಲೆಂಕೊ ಬಳಿ ಕಲಿತು, ಫ್ಲಾರಿಡಾದಲ್ಲಿ ಜ್ಯಾಕ್ ಹಾರ್ಟ್ ಎಂಬ ಹೆಸರಿನಲ್ಲಿ ಆಡಿ, 1987ರಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ಗೆ ಬಂದವನು. ಪಟ್ಟುಗಳಲ್ಲಿ ಅಚ್ಚುಕಟ್ಟು, ಆದರೂ ಸೋತದ್ದೇ ಸೋತದ್ದು. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದು ಅವನ ಗುರುತು. ಅಂಗಿಯ ಬೆನ್ನಿಗೂ ಒಂದು ಹಸ್ತದ ಚಿತ್ರವಿತ್ತು. 1995ರ ಜುಲೈನಲ್ಲಿ ಟಿವಿಯಲ್ಲಿ ಸ್ಕಿಪ್ ಎಂಬ ಕುಸ್ತಿಪಟುವಿನ ವಿರುದ್ಧ ಗೆದ್ದಾಗ ವೀಕ್ಷಕ ವಿವರಣೆಕಾರ ಜಿಮ್ ರಾಸ್ ಕೂಗಿದ್ದು ಇಂದಿಗೂ ಪ್ರಸಿದ್ಧ. ಆಗಸ್ಟಿನಲ್ಲಿ ಕಂಪನಿಯ ದೊಡ್ಡ ವಾರ್ಷಿಕ ಪ್ರದರ್ಶನವಾದ ಸಮ್ಮರ್‌ಸ್ಲ್ಯಾಮಿನಲ್ಲೂ ಅವನೇ ಗೆದ್ದ. ಆ ಗೆಲುವುಗಳಿಗೆ ತೂಕ ಬಂದದ್ದು ಅವುಗಳ ಹಿಂದಿನ ವರ್ಷಗಳ ಸೋಲಿನಿಂದ.

ಇನ್ನೊಬ್ಬ ಜಾಬರ್ ಎಸ್. ಡಿ. ಜೋನ್ಸ್ 1985ರಲ್ಲಿ, ಅದೇ ಕಂಪನಿಯ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದ ಮೊದಲ ಆವೃತ್ತಿಯಲ್ಲಿ ಕಿಂಗ್ ಕಾಂಗ್ ಬಂಡಿಗೆ ಸೋತದ್ದನ್ನು 9 ಸೆಕೆಂಡ್ ಎಂದು ಘೋಷಿಸಿದರು. ನಿಜಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು. ಸ್ಟೀವ್ ಲೊಂಬಾರ್ಡಿ ‘ಬ್ರೂಕ್ಲಿನ್ ಬ್ರಾಲರ್’ ಆಗಿ ದಶಕಗಳ ಕಾಲ ಉಳಿದ, ಬೇರೆಯವರ ಮುಖವಾಡ ತೊಟ್ಟೂ ಆಡಿದ, ತೆರೆಮರೆಯ ಕೆಲಸಕ್ಕೂ ನಿಂತ. ಇಂಥವರನ್ನು ರಂಗದ ಒಳಗಿನವರು ಗೌರವದಿಂದ ‘ಗುಡ್ ಹ್ಯಾಂಡ್’ ಎನ್ನುತ್ತಾರೆ. ಹೊಸಬನನ್ನು ಪಂದ್ಯದುದ್ದಕ್ಕೂ ನಡೆಸಿಕೊಂಡು ಹೋಗಿ ಚೆನ್ನಾಗಿ ಕಾಣಿಸಬಲ್ಲವನು ‘ಕಾರ್ಪೆಂಟರ್’.

1993ರಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ನ ವಾರದ ಟಿವಿ ಕಾರ್ಯಕ್ರಮ ಮಂಡೇ ನೈಟ್ ರಾ, 1995ರಲ್ಲಿ ಎದುರಾಳಿ ಕಂಪನಿಯ ನೈಟ್ರೊ ಶುರುವಾದವು. ರೇಟಿಂಗ್ ಪೈಪೋಟಿಯಲ್ಲಿ ಟಿವಿಯಲ್ಲೇ ತಾರೆಗಳ ಪಂದ್ಯ ಬೇಕಾಯಿತು, ಸ್ಕ್ವಾಷ್ ಕಡಿಮೆಯಾಯಿತು. ಈಗ ಉಳಿದಿರುವುದು, ಸ್ವತಂತ್ರ ಕುಸ್ತಿಪಟುಗಳನ್ನು ಒಂದು ರಾತ್ರಿಯ ಮಟ್ಟಿಗೆ ಕರೆಸುವ ಪದ್ಧತಿ. 2016ರ ಜುಲೈನಲ್ಲಿ ದೈತ್ಯ ಕುಸ್ತಿಪಟು ಬ್ರಾನ್ ಸ್ಟ್ರೋಮನ್ ಎದುರು ಹಾಗೆ ಬಂದವನು ಜೇಮ್ಸ್ ಎಲ್ಸ್‌ವರ್ತ್. ಪಂದ್ಯಕ್ಕೆ ಮುಂಚೆ ಅವನಾಡಿದ ನಾಲ್ಕು ಮಾತು ಜನಕ್ಕೆ ಹಿಡಿಸಿತು. ಅದೇ ವರ್ಷ ಅವನಿಗೆ ಕಾಂಟ್ರ್ಯಾಕ್ಟ್ ಸಿಕ್ಕಿತು, ಆಗಿನ ಚಾಂಪಿಯನ್ ಎ. ಜೆ. ಸ್ಟೈಲ್ಸ್ ವಿರುದ್ಧ ಗೆಲುವೂ ಸಿಕ್ಕಿತು. 2017ರ ನವೆಂಬರಿನಲ್ಲಿ ಕಂಪನಿ ಅವನನ್ನು ಕೈಬಿಟ್ಟಿತು.