"ರಾತ್ರಿಯಿಡೀ ಬೆಳೆಸಿ" ಅಂದರೆ ಎಷ್ಟು ಗಂಟೆ?

ಎಂಟು ವರ್ಷ ಲ್ಯಾಬ್, ಹನ್ನೊಂದು ವರ್ಷ ಎನ್‌ಜೈಮ್ (ಕಿಣ್ವ) ತಯಾರಿಸುವ ಕಂಪನಿ. ಈಗ ವಿಜ್ಞಾನಿಗಳ ಸಂಶೋಧನೆಯನ್ನು ಕಂಪನಿಗಳಿಗೆ ದಾಟಿಸುವುದು ನನ್ನ ಕೆಲಸ. ಬರುವವರೆಲ್ಲ ಪೇಟೆಂಟ್ ಬಗ್ಗೆ ಕೇಳುತ್ತಾರೆ. ನಾನು ಕೇಳುವುದು ಬೇರೆ: "ಇದನ್ನು ನಿಮ್ಮನ್ನು ಬಿಟ್ಟು ಇನ್ಯಾರಾದರೂ ಮಾಡಿ ನೋಡಿದ್ದಾರಾ?"

ಪೇಟೆಂಟ್ ಮಾತನ್ನು ಬೇಗ ಮುಗಿಸುತ್ತೇನೆ. ಸಂಶೋಧನೆಯ ಪೇಪರ್ ಪ್ರಕಟಣೆಗೆ ಕಳಿಸುವ ಮೊದಲು ಅರ್ಜಿ ಹಾಕಿ, ಅಷ್ಟೇ. ಮೊದಲು ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿದರೆ, ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಜೀನ್ ಕತ್ತರಿಸಿ ಜೋಡಿಸುವ ವಿಧಾನವನ್ನು ಅಮೆರಿಕದ ವಿಜ್ಞಾನಿಗಳಾದ ಕೋಹೆನ್ ಮತ್ತು ಬೋಯರ್ 1973ರಲ್ಲೇ ಪ್ರಕಟಿಸಿಬಿಟ್ಟಿದ್ದರು. ಪ್ರಕಟಿಸಿದ ಮೇಲೂ ಅರ್ಜಿ ಹಾಕಲು ಅಮೆರಿಕದ ಕಾನೂನು ಒಂದು ವರ್ಷ ಬಿಡುವು ಕೊಡುತ್ತಿತ್ತು. ಅದು ಮುಗಿಯಲು ಇನ್ನೇನು ಕೆಲವೇ ದಿನ ಇದೆ ಅನ್ನುವಾಗ, 1974ರ ನವೆಂಬರ್‌ನಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಅರ್ಜಿ ಹಾಕಿತು. ಲೈಸೆನ್ಸ್‌ಗಳಿಂದ ಬಂದದ್ದು ಸುಮಾರು 25 ಕೋಟಿ ಡಾಲರ್. ಆದರೆ ಮೊದಲೇ ಪ್ರಕಟಿಸಿದ್ದರಿಂದ ಹೊರದೇಶಗಳ ಹಕ್ಕು ಕೈತಪ್ಪಿತ್ತು. ಈ ವಿಷಯದಲ್ಲಿ ನಮ್ಮ ಕಾನೂನೂ ಅಷ್ಟು ಧಾರಾಳ ಅಲ್ಲ.

ನನ್ನ ಪ್ರಶ್ನೆಗೆ ಕಾರಣ ಒಂದು ಟ್ಯಾಂಕ್. ಕಂಪನಿ ಸೇರಿದ ಹೊಸತು. ಒಂದು ಬಗೆಯ ಬೂಷ್ಟು 250 ಮಿಲಿಲೀಟರ್ ಫ್ಲಾಸ್ಕಿನಲ್ಲಿ ಒಳ್ಳೆಯ ಎನ್‌ಜೈಮ್ ಕೊಡುತ್ತಿತ್ತು. ಅದನ್ನೇ 500 ಲೀಟರ್ ಟ್ಯಾಂಕಿಗೆ ಹಾಕಿದೆವು. ಎರಡನೇ ದಿನ ನೊರೆ ಉಕ್ಕಿ, ಗಾಳಿ ಹೊರಹೋಗುವ ಫಿಲ್ಟರ್ ಒದ್ದೆಯಾಯಿತು. ಗಾಬರಿಯಲ್ಲಿ ನೊರೆ ಇಳಿಸುವ ಆಂಟಿಫೋಮ್ ಜಾಸ್ತಿ ಸುರಿದೆ. ನೊರೆ ಇಳಿಯಿತು, ಜೊತೆಗೆ ಆಮ್ಲಜನಕ ಕರಗುವುದೂ ಇಳಿಯಿತು. ಬೂಷ್ಟು ಉಸಿರುಕಟ್ಟಿ ಸುಮ್ಮನಾಯಿತು. ಇಡೀ ಬ್ಯಾಚ್ ಹೋಯಿತು.

ನಾಲ್ಕು ಜನಕ್ಕೆ ಹುಳಿ ಮಾಡುವವರನ್ನು ಮದುವೆ ಮನೆಯ ಕೊಪ್ಪರಿಗೆ ಮುಂದೆ ನಿಲ್ಲಿಸಿದ ಹಾಗೆ ಇದು. ಎಲ್ಲವನ್ನೂ ನೂರರಿಂದ ಗುಣಿಸಿದರೆ ಹದ ಬರುವುದಿಲ್ಲ. ಟ್ಯಾಂಕಿನ ಉದ್ದಗಲ ಎತ್ತರ ಎರಡರಷ್ಟಾದರೆ ಒಳಗೆ ಹಿಡಿಯುವುದು ಎಂಟು ಪಟ್ಟು, ಹೊರಮೈ ಮಾತ್ರ ನಾಲ್ಕೇ ಪಟ್ಟು. ಬೂಷ್ಟು ಬೆಳೆಯುವಾಗ ಹುಟ್ಟುವ ಶಾಖ ಆ ಮೈಯಿಂದಲೇ ಹೊರಗೆ ಹೋಗಬೇಕು. ಬೆಳೆದಷ್ಟೂ ಒಳಗಿನದು ಗಂಜಿಯಂತೆ ಗಟ್ಟಿಯಾಗುತ್ತದೆ, ಗಾಳಿಗುಳ್ಳೆ ಮೂಲೆಮೂಲೆ ತಲುಪುವುದಿಲ್ಲ. ಇನ್ನು ಲ್ಯಾಬಿನ ಶುದ್ಧ ಗ್ಲೂಕೋಸ್ ಫ್ಯಾಕ್ಟರಿಗೆ ದುಬಾರಿ. ಅಲ್ಲಿ ಕಾಕಂಬಿ. ಅದು ಲೋಡಿನಿಂದ ಲೋಡಿಗೆ ಬೇರೆ.

ಹಾಗಾಗಿ ಕಂಪನಿ ದುಡ್ಡು ಕೊಟ್ಟು ಕೊಳ್ಳುವುದು ಪೇಟೆಂಟ್ ಹಾಳೆಯನ್ನಷ್ಟೇ ಅಲ್ಲ, ಲ್ಯಾಬ್ ನೋಟ್‌ಬುಕ್ಕನ್ನೂ. ನಮ್ಮ ನೋಟ್‌ಬುಕ್ಕುಗಳೋ, ದೇವರಿಗೇ ಪ್ರೀತಿ! ಒಂದು ಸಲ ಪ್ರಯೋಗದ ವಿವರವನ್ನು ಪ್ಲಾಂಟ್ ಮ್ಯಾನೇಜರ್ ಒಬ್ಬರಿಗೆ ಕೊಟ್ಟೆ. "ರಾತ್ರಿಯಿಡೀ ಬೆಳೆಸಿ" ಎಂದಿತ್ತು. ಅವರು ಕನ್ನಡಕ ತೆಗೆದು ಕೇಳಿದರು: "ಸಾರ್, ನಿಮ್ಮ ಲ್ಯಾಬಲ್ಲಿ ರಾತ್ರಿ ಎಷ್ಟು ಗಂಟೆ?" ವಿಜ್ಞಾನಿಗೆ ಫೋನ್ ಮಾಡಿದೆ. ಹನ್ನೆರಡು ಇರಬಹುದು ಅಂದರು. ಬಸ್ ತಡವಾದ ದಿನ ಹದಿನಾರಂತೆ. ಟ್ಯಾಂಕಿಗೆ ಹೆಪ್ಪಿನಂತೆ ಮೊದಲು ಹಾಕುವ ಬೂಷ್ಟಿನ ವಯಸ್ಸು ನಾಲ್ಕು ಗಂಟೆ ಹೆಚ್ಚುಕಡಿಮೆಯಾದರೆ ಇಡೀ ಟ್ಯಾಂಕಿನ ಲೆಕ್ಕವೇ ಬದಲಾಗುತ್ತದೆ.

ಹೋದ ತಿಂಗಳು ಪಿಎಚ್‌ಡಿ ಮಾಡುವ ಹುಡುಗಿಯೊಬ್ಬಳು ಬಂದಿದ್ದಳು. ಅದೇ ಪ್ರಶ್ನೆ ಕೇಳಿದೆ. ಜೂನಿಯರ್ ಮೂರು ಸಲ ಮಾಡಿದ್ದಾನೆ ಸಾರ್, ಒಂದು ಸಲ ಕೆಟ್ಟಿತು ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಮೊದಲು ಆ ಪುಟ ತೋರಿಸಮ್ಮ ಅಂದೆ.