ಹಸಿ ಮರ, ಒಣ ಕೀಲು

ಮರದ ಸಾಮಾನುಗಳಲ್ಲಿ ಕುರ್ಚಿಯಷ್ಟು ಹಿಂಸೆ ಅನುಭವಿಸುವುದು ಇನ್ನೊಂದಿಲ್ಲ. ಮೇಜಿನ ಭಾರ ನೇರವಾಗಿ ನೆಲಕ್ಕಿಳಿಯುತ್ತದೆ. ಕುರ್ಚಿಯಲ್ಲಿ ಕುಳಿತವರು ಹಿಂದಕ್ಕೆ ಒರಗುತ್ತಾರೆ, ಪಕ್ಕಕ್ಕೆ ವಾಲುತ್ತಾರೆ. ಪ್ರತಿ ಸಲವೂ ಉದ್ದನೆಯ ಕಾಲು ಸನ್ನೆಯಾಗಿ ತನ್ನ ತುದಿಯ ಪುಟ್ಟ ಕೀಲನ್ನು ಮೀಟುತ್ತದೆ. ಹಾಗಿದ್ದೂ ಇಂಗ್ಲೆಂಡಿನ ಎಷ್ಟೋ ವಿಂಡ್ಸರ್ ಕುರ್ಚಿಗಳು, ಅಂದರೆ ದಪ್ಪ ಹಲಗೆಯ ಆಸನಕ್ಕೆ ತೂತು ಕೊರೆದು ಕಾಲು ಮತ್ತು ಬೆನ್ನನ್ನು ಕೂರಿಸಿದ ಕುರ್ಚಿಗಳು, ಇನ್ನೂರು ವರ್ಷ ಕಳೆದರೂ ಬಳಕೆಯಲ್ಲಿವೆ. ಈ ಬಾಳಿಕೆಯ ಗುಟ್ಟು ಅಂಟಿನಲ್ಲಿಲ್ಲ. ಮರದ ನಾರು ಮತ್ತು ಅದರೊಳಗಿನ ನೀರು, ಇವೆರಡನ್ನೂ ಅರಿತು ಮಾಡಿದ ಕೆಲಸದಲ್ಲಿದೆ.

ಲಂಡನ್ನಿನ ವಾಯವ್ಯಕ್ಕಿರುವ ಚಿಲ್ಟರ್ನ್ ಬೆಟ್ಟಗಳಲ್ಲಿ, ಹೈ ವೈಕಂಬ್ ಪಟ್ಟಣದ ಸುತ್ತ, ಬೀಚ್ ಮರದ ದಟ್ಟ ಕಾಡುಗಳಿವೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ‘ಬಾಡ್ಜರ್’ ಎನಿಸಿಕೊಂಡ ಕಸುಬುದಾರರು ಅಲ್ಲೇ ಗುಡಿಸಲು ಹಾಕಿಕೊಂಡು ಕುರ್ಚಿಯ ಕಾಲುಗಳನ್ನು ಕಡೆಯುತ್ತಿದ್ದರು. ಅವರು ಪೂರ್ತಿ ಕುರ್ಚಿ ಮಾಡುತ್ತಿರಲಿಲ್ಲ. ಕಾಲುಗಳನ್ನೂ ಅವನ್ನು ಒಂದಕ್ಕೊಂದು ಜೋಡಿಸುವ ಅಡ್ಡಪಟ್ಟಿಗಳನ್ನೂ ಪಟ್ಟಣದ ಕಾರ್ಖಾನೆಗಳಿಗೆ ಮಾರುತ್ತಿದ್ದರು. ಕಡೆಯುವ ಯಂತ್ರವೂ ಕಾಡಿನದೇ: ಬಾಗುವ ಎಳೆಯ ಮರದ ಗಳು, ಅದರಿಂದ ಇಳಿದು ಕೊರಡನ್ನು ಸುತ್ತಿದ ಹಗ್ಗ, ಕೆಳಗೆ ತುಳಿಯುವ ಹಲಗೆ. ತುಳಿದಾಗ ಕೊರಡು ಮುಂದಕ್ಕೆ ತಿರುಗುತ್ತದೆ, ಉಳಿ ಕತ್ತರಿಸುತ್ತದೆ. ಕಾಲೆತ್ತಿದಾಗ ಗಳು ಅದನ್ನು ಹಿಂದಕ್ಕೆ ತಿರುಗಿಸುತ್ತದೆ.

ಇಂದಿಗೂ ಕೈ ಹತಾರಗಳಿಂದ ಕುರ್ಚಿ ಕಲಿಯುವವರಿಗೆ ಮೊದಲ ಪಾಠ ಗರಗಸದ್ದಲ್ಲ, ಸೀಳುವುದರದ್ದು. ದಿಮ್ಮಿಗೆ ಬೆಣೆ ಹೊಡೆದರೆ ಬಿರುಕು ನಾರಿನ ಗುಂಟ ಓಡುತ್ತದೆ. ಗರಗಸ ನಾರಿನ ಹಾದಿಯನ್ನು ಲೆಕ್ಕಿಸದೆ ನೇರ ಗೆರೆಯಲ್ಲಿ ಕೊಯ್ಯುತ್ತದೆ. ಕೋಲಿನ ಉದ್ದಕ್ಕೆ ನಾರು ಹತ್ತಕ್ಕೆ ಒಂದರಷ್ಟು ಓರೆಯಾದರೂ ಬಗ್ಗಿಸಿದಾಗ ಮುರಿಯದೆ ತಡೆಯುವ ಬಲ ಐದರಲ್ಲಿ ಒಂದು ಭಾಗದಷ್ಟು ಕುಸಿಯುತ್ತದೆ. ಐದಕ್ಕೆ ಒಂದರಷ್ಟು ಓರೆಯಾದರೆ ಹೆಚ್ಚುಕಡಿಮೆ ಅರ್ಧ ಬಲವೇ ಹೋಗುತ್ತದೆ. ಹಳೆಯ ಕುರ್ಚಿಗಳ ಕಾಲು ಅಷ್ಟು ತೆಳ್ಳಗಿದ್ದರೂ ತಡೆಯುವುದು ಅವನ್ನು ನಾರಿನ ಗುಂಟ ಸೀಳಿ ಮಾಡಿರುವುದರಿಂದ. ಎರಡು ಹಿಡಿಗಳ ಕತ್ತಿಯನ್ನು ತನ್ನತ್ತ ಎಳೆದು ಕೋಲನ್ನು ಹೆರೆಯುವಾಗ, ನಾರು ಎತ್ತ ಹೊರಳಿದೆಯೆಂದು ಕೈಗೇ ಗೊತ್ತಾಗುತ್ತದೆ. ಅಳತೆಪಟ್ಟಿಗಿಂತ ಮೊದಲು ಕಲಿಯಬೇಕಾದ್ದು ಈ ಸ್ಪರ್ಶವನ್ನೇ ಎಂದು ನಾನು ಬಲವಾಗಿ ನಂಬುತ್ತೇನೆ.

ಇನ್ನು ನೀರಿನ ವಿಷಯ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ, ಆದರೆ ಅದು ಬಿಗಿಯುವುದು ಅಗಲದಲ್ಲಿ ಮಾತ್ರ. ಮರದ ಜೀವಕೋಶಗಳ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಬಹುಪಾಲು ಉದ್ದಕ್ಕೆ ಮಲಗಿರುತ್ತವೆ. ನೀರು ಎಳೆಗಳ ನಡುವೆ ನುಸುಳಿ ಅವುಗಳನ್ನು ದೂರ ತಳ್ಳುತ್ತದೆಯೇ ಹೊರತು ಎಳೆಗಳ ಉದ್ದವನ್ನು ಹೆಚ್ಚಿಸುವುದಿಲ್ಲ. ಹಸಿ ಮರ ಒಣಗುವಾಗ ಮೊದಲು ಕೋಶದ ಟೊಳ್ಳಿನಲ್ಲಿರುವ ನೀರು ಹೋಗುತ್ತದೆ. ಆಗ ಗಾತ್ರ ಬದಲಾಗುವುದಿಲ್ಲ. ತೇವಾಂಶ ಸುಮಾರು ಶೇ 30ಕ್ಕಿಂತ ಕೆಳಗಿಳಿದ ಮೇಲೆ ಗೋಡೆಯ ನೀರೇ ಹೊರಟು ಮರ ಕುಗ್ಗತೊಡಗುತ್ತದೆ. ಪೂರ್ತಿ ಒಣಗುವಷ್ಟರಲ್ಲಿ ಬೀಚ್ ಮರ ವಾರ್ಷಿಕ ಉಂಗುರಗಳ ಗುಂಟ ಸುಮಾರು ಶೇ 12, ತಿರುಳಿನಿಂದ ತೊಗಟೆಯತ್ತ ಸುಮಾರು ಶೇ 6 ಕುಗ್ಗುತ್ತದೆ. ಹಸಿಯಲ್ಲಿ ದುಂಡಗೆ ಕಡೆದ ಕಾಲು ಒಣಗಿದಾಗ ಅಂಡಾಕಾರಕ್ಕೆ ತಿರುಗುವುದು ಈ ವ್ಯತ್ಯಾಸದಿಂದಲೇ.

ಕುರ್ಚಿ ಮಾಡುವವರು ಈ ಕುಗ್ಗುವಿಕೆಯನ್ನೇ ಕೆಲಸಕ್ಕೆ ಹಚ್ಚುತ್ತಾರೆ. ಅಡ್ಡಪಟ್ಟಿಯ ತುದಿಯನ್ನು ಚೆನ್ನಾಗಿ ಒಣಗಿಸಿ, ಇನ್ನೂ ಸ್ವಲ್ಪ ತೇವವಿರುವ ಕಾಲಿನ ತೂತಿಗೆ ಬಡಿದು ಕೂರಿಸುತ್ತಾರೆ. ಮುಂದಿನ ವಾರಗಳಲ್ಲಿ ಒಣ ತುದಿ ತೇವ ಹೀರಿ ಉಬ್ಬುತ್ತದೆ, ತೂತಿನ ಸುತ್ತಲಿನ ಮರ ಒಣಗಿ ಬಿಗಿಯುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಡ್ಡಪಟ್ಟಿ ಅತಿ ಹೆಚ್ಚು ಉಬ್ಬುವ ದಿಕ್ಕು ಕಾಲಿನ ಉದ್ದಕ್ಕೆ ಹೊಂದುವಂತೆ ತಿರುಗಿಸಿ ಕೂರಿಸಬೇಕು. ಆಗ ಒತ್ತಡ ಬೀಳುವುದು ಕಾಲಿನ ನಾರುಗಳ ಕಡಿದ ತುದಿಗಳ ಮೇಲೆ. ಅವು ಅದನ್ನು ತಾಳಿಕೊಳ್ಳುತ್ತವೆ. ಅಡ್ಡಲಾಗಿ ಕೂರಿಸಿದರೆ ಅದೇ ಒತ್ತಡ ಕಾಲನ್ನು ಸೀಳಲು ಹವಣಿಸುತ್ತದೆ.

ಬೆನ್ನಿನ ಕಮಾನಿಗೆ ಆ್ಯಶ್ ಮರವನ್ನು ಹಬೆಯಲ್ಲಿಟ್ಟು ಬಗ್ಗಿಸುತ್ತಾರೆ: ಒಂದಿಂಚು ದಪ್ಪಕ್ಕೆ ಸುಮಾರು ಒಂದು ಗಂಟೆ. ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ತೇವ ಮತ್ತು ಬಿಸಿಗೆ ಮೆದುವಾಗುತ್ತದೆ. ಹಬೆಯಲ್ಲಿ ಬೆಂದ ಮರ ಒತ್ತಿದರೆ ಬಹಳಷ್ಟು ಕುಗ್ಗಬಲ್ಲದು, ಎಳೆದರೆ ಮಾತ್ರ ಶೇ 1-2ರಷ್ಟು ಹಿಗ್ಗುವಷ್ಟರಲ್ಲೇ ಹರಿಯುತ್ತದೆ. ಅದಕ್ಕಾಗಿ ಬಿಗಿಯಾದ ತಿರುವುಗಳಲ್ಲಿ ಹೊರಮೈಗೆ ಲೋಹದ ಪಟ್ಟಿ ಬಿಗಿದು ಹಿಗ್ಗದಂತೆ ತಡೆಯುತ್ತಾರೆ. ವಿಯೆನ್ನಾದ ಕುರ್ಚಿ ತಯಾರಕ ಮೈಕೇಲ್ ಥೋನೆಟ್ 1859ರಲ್ಲಿ ಹೊರತಂದ 14ನೇ ನಮೂನೆಯ ಬಾಗುಮರದ ಕುರ್ಚಿಯ ಹಿಂದಿದ್ದದ್ದೂ ಈ ಉಪಾಯವೇ. ಭಾಗಗಳನ್ನು ಬಿಚ್ಚಿ ಕಟ್ಟಿದರೆ ಅಂಥ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು.

ಸಾಂಪ್ರದಾಯಿಕ ಇಂಗ್ಲಿಷ್ ವಿಂಡ್ಸರ್ ಕುರ್ಚಿಯ ಆಸನ ಎಲ್ಮ್ ಮರದ ದಪ್ಪ ಹಲಗೆ. ಬಾಚಿಯಿಂದ ಕೆತ್ತಿ ಕೂರುವಷ್ಟು ತಗ್ಗು ಮಾಡುತ್ತಾರೆ. ಎಲ್ಮ್‌ನ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅಂಚಿನ ಹತ್ತಿರ ತೂತು ಕೊರೆದರೂ ಹಲಗೆ ಸುಲಭಕ್ಕೆ ಸೀಳುವುದಿಲ್ಲ. 1970ರ ದಶಕದ ಡಚ್ ಎಲ್ಮ್ ರೋಗ ಬ್ರಿಟನ್ನಿನಲ್ಲಿ ಕೋಟ್ಯಂತರ ಎಲ್ಮ್ ಮರಗಳನ್ನು ಬಲಿ ತೆಗೆದುಕೊಂಡಿತು. ಕುರ್ಚಿಯ ಕಸುಬಿಗೆ ಅದು ತುಂಬಲಾರದ ನಷ್ಟ. ಈಗ ಬೇರೆ ಮರದ ಹಲಗೆಯಲ್ಲಿ ಕಲಿಯುವವರು ಕೊನೆಯ ಹಂತದಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಆಸನವನ್ನು ದಾಟಿ ಮೇಲೆ ಬಂದ ಕಾಲಿನ ತುದಿಗೆ ಬೆಣೆ ಹೊಡೆಯುವಾಗ ಅದು ಹಲಗೆಯ ನಾರಿಗೆ ಅಡ್ಡವಾಗಿರಬೇಕು; ನಾರಿನ ಗುಂಟ ಹೊಡೆದರೆ ಕಾಲಿನ ಜೊತೆ ಆಸನವೂ ಸೀಳಬಹುದು.